ದಾರಿ ತೋರುವ ಉಪಗ್ರಹ, ದನಿ ಕೇಳದ ಹೆದ್ದಾರಿ

2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಶೋಧ ಕಾರ್ಯದ ಮೊದಲ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಆ ಲಾರಿಯ ಜಿಪಿಎಸ್ ಕುರಿತಾದದ್ದು. ಲಾರಿ ಕೊನೆಯದಾಗಿ ಎಲ್ಲಿತ್ತು ಎಂಬುದು ಉಪಗ್ರಹಕ್ಕೆ ತಿಳಿದಿರುವಾಗ ಇಷ್ಟು ವಿಳಂಬವೇಕೆ ಎಂದು ಜನ ಕೇಳಿದರು. ಮಣ್ಣು ಮತ್ತು ನೀರಿನಡಿ ಸೇರಿದ ವಾಹನದೊಡನೆ ಯಾವ ಉಪಗ್ರಹವೂ ಮಾತನಾಡಲಾರದು, ಆ ದುರಂತವನ್ನು ತಂತ್ರಜ್ಞಾನ ತಪ್ಪಿಸಬಹುದಿತ್ತು ಎನ್ನುವುದೂ ಸರಿಯಲ್ಲ. ಆದರೆ ಆ ದಿನಗಳ ಚರ್ಚೆ ನಮ್ಮೆಲ್ಲರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಬಯಲಿಗೆಳೆಯಿತು. ಆಕಾಶದಲ್ಲಿ ಯಾವುದೋ ಒಂದು ಕಣ್ಣು ನಮ್ಮ ಬಸ್ಸು, ಲಾರಿಗಳನ್ನು ಸದಾ ನೋಡುತ್ತಿದೆ ಎಂಬ ನಂಬಿಕೆಯೇ ಅದು.

ವಾಸ್ತವ ಇದಕ್ಕೆ ವ್ಯತಿರಿಕ್ತ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ವಾಹನ ಇದೆ ಎಂಬುದೇ ಗೊತ್ತಿರುವುದಿಲ್ಲ. ಅದು ಗಡಿಯಾರದ ಗೋಪುರದಂತೆ ತನ್ನ ವೇಳೆಯನ್ನೂ ಸ್ಥಾನವನ್ನೂ ಸಾರುತ್ತ ಹೋಗುತ್ತದೆ, ಅಷ್ಟೇ. ನಾಲ್ಕು ಅಥವಾ ಹೆಚ್ಚು ಉಪಗ್ರಹಗಳ ಸಂಕೇತ ಆಲಿಸಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದು ವಾಹನದಲ್ಲಿರುವ ಪುಟ್ಟ ಪೆಟ್ಟಿಗೆ. ಹಾಗೆ ತಿಳಿದುಕೊಂಡ ಸ್ಥಳವನ್ನು ಮಾಲೀಕನಿಗೋ ಪೊಲೀಸ್ ನಿಯಂತ್ರಣ ಕೊಠಡಿಗೋ ಮುಟ್ಟಿಸಬೇಕಾದರೆ ಅದೇ ಪೆಟ್ಟಿಗೆ ಸಾಮಾನ್ಯ ಮೊಬೈಲ್ ಸಿಮ್ಮನ್ನು ನೆಚ್ಚಿಕೊಳ್ಳಬೇಕು. ಟವರ್ ಇಲ್ಲದ ಕಡೆ ವಾಹನಕ್ಕೆ ತಾನೆಲ್ಲಿದ್ದೇನೆಂಬುದು ಮೀಟರುಗಳ ನಿಖರತೆಯಲ್ಲಿ ಗೊತ್ತಿರುತ್ತದೆ, ಆದರೆ ಆ ಅರಿವು ಪೆಟ್ಟಿಗೆಯೊಳಗೇ ಉಳಿಯುತ್ತದೆ. ದಾರಿ ತೋರುವ ಉಪಗ್ರಹ ಬೇರೆ, ದನಿ ಹೊತ್ತೊಯ್ಯುವ ಉಪಗ್ರಹ ಬೇರೆ. ಮೊದಲನೆಯದು ನಮ್ಮ ಪ್ರತಿಯೊಬ್ಬರ ಜೇಬಿಗೂ ಬಂದಿದೆ. ಎರಡನೆಯದು ಭಾರತದ ರಸ್ತೆಗೆ ಇನ್ನೂ ಇಳಿದಿಲ್ಲವೆಂದೇ ಹೇಳಬೇಕು.

ಈ ವ್ಯತ್ಯಾಸ ಕೇವಲ ತಾಂತ್ರಿಕ ಸೂಕ್ಷ್ಮವೇನಲ್ಲ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅಮಾನುಷ ಕೃತ್ಯದ ನಂತರ ಸಾರ್ವಜನಿಕ ವಾಹನಗಳಲ್ಲಿ ಪ್ರಯಾಣಿಕರ, ಅದರಲ್ಲೂ ಮಹಿಳೆಯರ ಸುರಕ್ಷತೆಗೆ ಏನಾದರೂ ಮಾಡಲೇಬೇಕೆಂಬ ಒತ್ತಡ ಹುಟ್ಟಿತು. ಅದರ ಫಲವಾಗಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2016ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125-ಎಚ್ ಎಂಬ ಹೊಸ ನಿಯಮವನ್ನು ಸೇರಿಸಿತು. ಸಾರ್ವಜನಿಕ ಸೇವಾ ವಾಹನಗಳಲ್ಲಿ ಸ್ಥಳ ಪತ್ತೆ ಸಾಧನ ಹಾಗೂ ತುರ್ತು ಗುಂಡಿ ಕಡ್ಡಾಯವೆಂಬುದು ಅದರ ಸಾರ. ಹಲವು ಮುಂದೂಡಿಕೆಗಳ ಬಳಿಕ 2019ರ ಜನವರಿ 1ರಿಂದ ಹೊಸ ವಾಹನಗಳಿಗೆ ಇದು ಅನ್ವಯವಾಯಿತು. ಹಳೆಯ ವಾಹನಗಳಿಗೆ ಯಾವಾಗ ಅಳವಡಿಸಬೇಕೆಂಬುದನ್ನು ರಾಜ್ಯಗಳಿಗೆ ಬಿಡಲಾಯಿತು. ಕರ್ನಾಟಕದಲ್ಲಿ ಗಡುವು, ವಿಸ್ತರಣೆ, ವಾಹನ ಮಾಲೀಕರ ಆಕ್ಷೇಪ, ಮತ್ತೆ ಗಡುವು ಎಂಬ ಸರಣಿಯನ್ನು ಓದುಗರು ಬಲ್ಲರು.

ಸಾಧನದ ಮಾನದಂಡವಾದ ಎಐಎಸ್-140 ಅನ್ನು ಓದಿದವರಿಗೆ ಒಂದು ಅಂಶ ಕಣ್ಣಿಗೆ ಬೀಳದೆ ಇರದು. ಸಂಪರ್ಕ ಕಡಿದಾಗ ಸಾಧನವು 40,000 ಸ್ಥಳ ದಾಖಲೆಗಳನ್ನು ಕೂಡಿಟ್ಟುಕೊಂಡು, ಜಾಲ ಸಿಕ್ಕೊಡನೆ ಕಳುಹಿಸಬೇಕೆಂದು ಅದು ವಿಧಿಸುತ್ತದೆ. ಮೊಬೈಲ್ ಜಾಲ ಎಲ್ಲೆಡೆ ಇರುವುದಿಲ್ಲವೆಂಬುದನ್ನು ಮಾನದಂಡ ಬರೆದವರು ಅರಿತೇ ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಡೀಸೆಲ್ ಲೆಕ್ಕ ನೋಡುವ ಮಾಲೀಕನಿಗೆ ಎರಡು ತಾಸು ತಡವಾಗಿ ಬರುವ ದಾಖಲೆಯಿಂದ ನಷ್ಟವಿಲ್ಲ. ಗುಂಡಿ ಒತ್ತಿದ ಪ್ರಯಾಣಿಕಳಿಗೆ ಎರಡು ತಾಸು ತಡವಾಗಿ ಹೊರಡುವ ಮೊರೆಯಿಂದ ಏನು ಪ್ರಯೋಜನ?

ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳು ಶಿರಾಡಿ ಘಾಟಿಯ ಸುಮಾರು 26 ಕಿಲೋಮೀಟರ್ ಕಾಡುಹಾದಿಯನ್ನು ಇಳಿಯುವಾಗ ಪ್ರಯಾಣಿಕರ ಫೋನುಗಳಲ್ಲಿ ಸಂಕೇತ ಬರುವುದು, ಹೋಗುವುದು ಎಲ್ಲರ ಅನುಭವ. ಚಾರ್ಮಾಡಿ, ಆಗುಂಬೆ, ಹುಲಿಕಲ್, ದೇವಿಮನೆ ಘಾಟಿಗಳಲ್ಲಿಯೂ ಪರಿಸ್ಥಿತಿ ಭಿನ್ನವಲ್ಲ. ಅಪಘಾತವಾದ ಮೊದಲ ಒಂದು ಗಂಟೆಯನ್ನು 'ಸುವರ್ಣ ಗಂಟೆ' ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೇ ವ್ಯಾಖ್ಯಾನಿಸಿದೆ. ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಬಹುಪಾಲು ಜನ ಮೊಬೈಲ್ ಜಾಲವಿರುವ ಕಡೆಯೇ ಸತ್ತರೆಂಬುದು ನಿಜ; ಉಪಗ್ರಹವೊಂದರಿಂದಲೇ ಈ ಸಂಖ್ಯೆ ಇಳಿದುಬಿಡುತ್ತದೆಂದು ಯಾರೂ ಹೇಳಲಾರರು. ಆದರೆ ಜಾಲವಿಲ್ಲದ ಕಡೆ ಕಾನೂನಿನ ಸುವರ್ಣ ಗಂಟೆ, ಇನ್ನೊಂದು ವಾಹನ ಆ ದಾರಿಯಲ್ಲಿ ಬಂದು, ಅದರ ಚಾಲಕ ಜಾಲವಿರುವ ಊರಿಗೆ ತಲುಪುವುದರಲ್ಲೇ ಕಳೆದುಹೋಗುತ್ತದೆ.

ಲಾರಿಯೇ ಮೊದಲ ಗಿರಾಕಿ

ವಾಹನಗಳಿಗೆ ಉಪಗ್ರಹ ಸಂಪರ್ಕವೆಂದೊಡನೆ ನಾಳೆಯ ತಂತ್ರಜ್ಞಾನವೆಂದು ಭಾವಿಸುವ ಅಗತ್ಯವಿಲ್ಲ. ಮೊಬೈಲ್ ಫೋನ್ ಶ್ರೀಮಂತರ ವಸ್ತುವಾಗಿದ್ದ ಕಾಲದಲ್ಲೇ ಲಾರಿಗಳು ಉಪಗ್ರಹದೊಡನೆ ಮಾತನಾಡತೊಡಗಿದ್ದವು. 1985ರಲ್ಲಿ ಆರಂಭವಾದ ಕ್ವಾಲ್‌ಕಾಮ್ ಕಂಪೆನಿಯನ್ನು ಇಂದು ನಾವು ಫೋನಿನೊಳಗಿನ ಚಿಪ್‌ನಿಂದ ಗುರುತಿಸುತ್ತೇವೆ. ಆ ಕಂಪೆನಿಯನ್ನು ಆರಂಭದ ದಿನಗಳಲ್ಲಿ ಬದುಕಿಸಿದ್ದು ಮಾತ್ರ ಲಾರಿ. 1988ರಲ್ಲಿ ಅದು ಹೊರತಂದ ಆಮ್ನಿಟ್ರ್ಯಾಕ್ಸ್ ಎಂಬ ವ್ಯವಸ್ಥೆಯ ಮೊದಲ ದೊಡ್ಡ ಗ್ರಾಹಕ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶ್ನೈಡರ್ ನ್ಯಾಷನಲ್ ಎಂಬ ಸಾಗಣೆ ಸಂಸ್ಥೆ. ಲಾರಿಯ ನೆತ್ತಿಯ ಮೇಲೆ ತಿರುಗುವ ಪುಟ್ಟ ಆಂಟೆನಾ, ಒಳಗೆ ಕೀಲಿಮಣೆ ಮತ್ತು ಕೆಲವೇ ಸಾಲು ತೋರಿಸುವ ಪರದೆ. ಸಂಭಾಷಣೆಯಿಲ್ಲ, ಚಿತ್ರವಿಲ್ಲ, ಬರೀ ಕಿರು ಸಂದೇಶ. ಜಿಪಿಎಸ್ ಇನ್ನೂ ಪೂರ್ಣಗೊಂಡಿರದಿದ್ದ ಆ ಕಾಲದಲ್ಲಿ ಎರಡು ಉಪಗ್ರಹಗಳಿಗೆ ಸಂಕೇತ ತಲುಪುವ ವೇಳೆಯ ವ್ಯತ್ಯಾಸದಿಂದ ಲಾರಿಯಿರುವ ಸ್ಥಳವನ್ನೂ ಲೆಕ್ಕ ಹಾಕಲಾಗುತ್ತಿತ್ತು. ದಾರಿ ಬದಿಯ ದೂರವಾಣಿ ಹುಡುಕಿ ನಿಲ್ಲಿಸುತ್ತಿದ್ದ ಚಾಲಕನಿಗೆ ಮುಂದಿನ ಸರಕು ಎಲ್ಲಿದೆ ಎಂಬುದು ಕೂತಲ್ಲೇ ತಿಳಿಯತೊಡಗಿತು. ಕ್ವಾಲ್‌ಕಾಮ್ ಈ ವಿಭಾಗವನ್ನು 2013ರಲ್ಲಿ 80 ಕೋಟಿ ಡಾಲರಿಗೆ ಮಾರಿತು.

ಇದಕ್ಕೆ ಹೋಲಿಸಿದರೆ ಕೈಯಲ್ಲಿ ಹಿಡಿಯುವ ಉಪಗ್ರಹ ಫೋನಿನ ಕಥೆ ದುರಂತಮಯ. ಮೊಟೊರೊಲಾ ಬೆಂಬಲದ ಇರಿಡಿಯಂ 66 ಉಪಗ್ರಹಗಳ ಜಾಲ ಹೆಣೆದು 1998ರ ನವೆಂಬರಿನಲ್ಲಿ ಸೇವೆ ಆರಂಭಿಸಿ, ಮರುವರ್ಷದ ಆಗಸ್ಟಿನಲ್ಲೇ ದಿವಾಳಿ ಅರ್ಜಿ ಹಾಕಿತು. ಕಟ್ಟಡದೊಳಗೆ ಕೆಲಸ ಮಾಡದ, ಇಟ್ಟಿಗೆ ಗಾತ್ರದ, ದುಬಾರಿ ಫೋನನ್ನು ನಗರದ ವ್ಯಾಪಾರಿ ಕೊಳ್ಳಲಿಲ್ಲ. ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸರಳ ಸತ್ಯವೊಂದು ಎದ್ದು ಕಾಣುತ್ತದೆ: ಉಪಗ್ರಹ ಸಂಪರ್ಕಕ್ಕೆ ಮನುಷ್ಯನ ಅಂಗೈಗಿಂತ ವಾಹನದ ಛಾವಣಿ ಹೆಚ್ಚು ಹಿತ. ಅದು ಆಕಾಶಕ್ಕೆ ಸದಾ ತೆರೆದಿರುತ್ತದೆ, ಬ್ಯಾಟರಿಯ ಚಿಂತೆಯಿಲ್ಲ, ಅಂಗೈಯಗಲದ ಆಂಟೆನಾ ಕೂರಿಸಿದರೂ ಯಾರಿಗೂ ಭಾರವಾಗದು.

ಇಲ್ಲಿ ಭೂಗೋಳವೂ ನಮ್ಮ ಪರವಾಗಿದೆ. ಭೂಸ್ಥಿರ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ವಿಸ್ಕಾನ್ಸಿನ್ನಿನ ಲಾರಿಗೆ ಅಂಥ ಉಪಗ್ರಹ ದಕ್ಷಿಣ ದಿಗಂತದಿಂದ 35-40 ಡಿಗ್ರಿ ಎತ್ತರದಲ್ಲಷ್ಟೇ ಸಿಗುತ್ತದೆ. ಪಕ್ಕದಲ್ಲೊಂದು ಗುಡ್ಡ ಬಂದರೆ ಮರೆಯಾಗುತ್ತದೆ. ಪೂರ್ವ ರೇಖಾಂಶ 83 ಡಿಗ್ರಿಯಲ್ಲಿರುವ ಉಪಗ್ರಹ ಬೆಂಗಳೂರಿನಿಂದ ನೋಡಿದರೆ ಸುಮಾರು 73 ಡಿಗ್ರಿ ಎತ್ತರದಲ್ಲಿ, ಅಂದರೆ ಬಹುತೇಕ ನೆತ್ತಿಯ ಮೇಲೆಯೇ ಇರುತ್ತದೆ. ಪಶ್ಚಿಮ ಘಟ್ಟದ ಕಣಿವೆಯಲ್ಲಿ ನಿಂತ ಬಸ್ಸಿಗೆ ಮೊಬೈಲ್ ಟವರ್ ಕಾಣದಿರಬಹುದು, ನೆತ್ತಿಯ ಮೇಲಿನ ಆಕಾಶ ಕಾಣುತ್ತದೆ. ಅಡ್ಡಿಯಿರುವುದು ಬೆಟ್ಟದಿಂದಲ್ಲ, ಮರದಿಂದ. ಮಳೆಗಾಲದ ಒದ್ದೆ ಎಲೆಗಳ ಚಪ್ಪರ ಸಂಕೇತವನ್ನು ಕುಗ್ಗಿಸುತ್ತದೆ. ಹೆಚ್ಚು ಕಂಪನಾಂಕದ ಕೆಯು-ಬ್ಯಾಂಡಿಗೆ ಇದರ ಬಾಧೆ ಅಧಿಕ, ಎಸ್-ಬ್ಯಾಂಡ್ ಮತ್ತು ಎಲ್-ಬ್ಯಾಂಡ್‌ಗಳಿಗೆ ಕಡಿಮೆ. ಕಿರು ಸಂದೇಶಕ್ಕೆ ಇನ್ನೊಂದು ಅನುಕೂಲವೂ ಉಂಟು: ಎಲೆಗಳ ನಡುವೆ ಒಂದೆರಡು ಕ್ಷಣ ಆಕಾಶ ತೆರೆದುಕೊಂಡರೂ ಸಾಕು, ಅದು ಹೊರಟುಬಿಡುತ್ತದೆ, ಹೋಗದಿದ್ದರೆ ಯಂತ್ರವೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಂಭಾಷಣೆಗೆ ಅಂಥ ತಾಳ್ಮೆ ಇರಲಾರದು.

ಬೆಂಗಳೂರಿನಲ್ಲಿ ಕಮರಿದ ಎಸ್-ಬ್ಯಾಂಡ್

ಎಸ್-ಬ್ಯಾಂಡ್ ಎಂದೊಡನೆ ಓದುಗರಿಗೆ ನೆನಪಾಗುವುದು ಹಗರಣ. ಅದು ಸಹಜವೇ. ಆದರೆ ಹಗರಣದ ಗದ್ದಲದಲ್ಲಿ, ಈ ತರಂಗಾಂತರವನ್ನು ಮೂಲತಃ ಯಾತಕ್ಕಾಗಿ ಮೀಸಲಿಟ್ಟಿದ್ದರು ಎಂಬುದು ಮರೆತೇ ಹೋಯಿತು. 1995ರ ಡಿಸೆಂಬರಿನಲ್ಲಿ ಕಕ್ಷೆ ಸೇರಿದ ಇನ್ಸಾಟ್-2ಸಿ ಉಪಗ್ರಹದಲ್ಲಿಯೇ ಸಂಚಾರಿ ಸಂಪರ್ಕದ ಉಪಕರಣವಿತ್ತು, 2002ರ ಜನವರಿಯ ಇನ್ಸಾಟ್-3ಸಿಯಲ್ಲೂ ಇತ್ತು. ಅಂದರೆ ಚಲಿಸುವವರಿಗೆ ಉಪಗ್ರಹದ ಮೂಲಕ ಸಂಪರ್ಕ ಒದಗಿಸುವ ಯೋಚನೆ ಇಸ್ರೊಗೆ ಹೊಸತಾಗಿರಲಿಲ್ಲ. ಅದನ್ನು ಜನರ ವಾಹನಗಳ ತನಕ ಒಯ್ಯುವ ಕೆಲಸ ಮಾತ್ರ ಆಗಲಿಲ್ಲ.

2005ರ ಜನವರಿ 28ರಂದು ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. ಆ ಕಂಪೆನಿ ಹುಟ್ಟಿದ್ದು ಅದಕ್ಕೆ ಕೇವಲ ಆರು ವಾರ ಮೊದಲು. ಜಿಸ್ಯಾಟ್-6 ಮತ್ತು 6ಎ ಎಂಬೆರಡು ಉಪಗ್ರಹಗಳ ಬಹುಪಾಲು ಸಾಮರ್ಥ್ಯವನ್ನೂ 70 ಮೆಗಾಹರ್ಟ್ಸ್ ಎಸ್-ಬ್ಯಾಂಡ್ ತರಂಗಾಂತರವನ್ನೂ ದೇವಾಸ್ ಗುತ್ತಿಗೆಗೆ ಪಡೆಯುವುದಿತ್ತು. ಮೊಬೈಲ್ ಸಾಧನಗಳಿಗೂ ಚಲಿಸುವ ವಾಹನಗಳಿಗೂ ದೃಶ್ಯ, ಶ್ರವ್ಯ ಹಾಗೂ ಮಾಹಿತಿ ಸೇವೆ ನೀಡುವುದಾಗಿ ಅದು ಹೇಳಿಕೊಂಡಿತ್ತು. ಆ ಕಾಲದಲ್ಲಿ ಜಗತ್ತಿನ ಗಾಳಿಯೂ ಹಾಗೆಯೇ ಬೀಸುತ್ತಿತ್ತು. ದಕ್ಷಿಣ ಕೊರಿಯದಲ್ಲಿ 2005ರ ಮೇ ತಿಂಗಳಲ್ಲಿ ಕಾರು ಮತ್ತು ಫೋನುಗಳಿಗೆ ಉಪಗ್ರಹದಿಂದ ನೇರ ಟೆಲಿವಿಷನ್ ಆರಂಭವಾಯಿತು. ಅಮೆರಿಕದಲ್ಲಿ ಎಕ್ಸ್ಎಂ ಮತ್ತು ಸಿರಿಯಸ್ ರೇಡಿಯೊಗಳು ಕಾರಿನ ಡ್ಯಾಶ್‌ಬೋರ್ಡ್ ಸೇರಿದ್ದವು. ನಮ್ಮಲ್ಲೂ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊದ 'ಸ್ಪರ್ಶ' ಕನ್ನಡ ವಾಹಿನಿಯನ್ನು ಕಿಟಕಿಯ ಬಳಿ ಆಂಟೆನಾ ಇಟ್ಟು ಕೇಳಿದವರು ಇದ್ದಾರೆ. ಚಲಿಸುವ ಕಾರಿಗೆ ಅದು ಬರಬೇಕಾದರೆ ನೆಲದ ಮೇಲೆ ಮರುಪ್ರಸಾರ ಕೇಂದ್ರಗಳು ಬೇಕಿದ್ದವು. ಆ ಹಂತವನ್ನು ಮುಟ್ಟದೆಯೇ 2009ರ ಡಿಸೆಂಬರ್ 31ರಂದು ಭಾರತದಲ್ಲಿ ಆ ಸೇವೆ ನಿಂತುಹೋಯಿತು.

ದೇವಾಸ್ ಕಥೆ ಮುಗಿದ ಬಗೆ ಎಲ್ಲರಿಗೂ ಗೊತ್ತಿರುವುದೇ. 2010ರ 3ಜಿ ಹರಾಜಿನಲ್ಲಿ ಸರಕಾರಕ್ಕೆ 67 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಹಣ ಬಂದ ಮೇಲೆ, ಹರಾಜಿಲ್ಲದೆ ಕೊಟ್ಟ ಎಸ್-ಬ್ಯಾಂಡಿನ ಬೆಲೆ ಎಷ್ಟೆಂಬ ಪ್ರಶ್ನೆ ಎದ್ದಿತು. 2011ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ, ದೇಶದ ರಕ್ಷಣಾ ಅಗತ್ಯಗಳನ್ನು ಮುಂದಿಟ್ಟು ಒಪ್ಪಂದ ರದ್ದುಪಡಿಸಲು ತೀರ್ಮಾನಿಸಿತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿ ಮಂಡಳಿ ಆಂಟ್ರಿಕ್ಸ್ 56.25 ಕೋಟಿ ಡಾಲರ್ ಪರಿಹಾರ ನೀಡಬೇಕೆಂದಿತು. 2022ರ ಜನವರಿ 17ರಂದು ನಮ್ಮ ಸುಪ್ರೀಂ ಕೋರ್ಟ್, ದೇವಾಸ್ ವ್ಯವಹಾರ ಆರಂಭದಿಂದಲೂ ವಂಚನೆಯಿಂದ ಕೂಡಿತ್ತೆಂದು ಹೇಳಿ ಕಂಪೆನಿಯ ಮುಚ್ಚುವಿಕೆಯನ್ನು ಎತ್ತಿಹಿಡಿಯಿತು. ಪರಿಹಾರ ವಸೂಲಿಯ ದಾವೆ ಹೊರದೇಶಗಳ ನ್ಯಾಯಾಲಯಗಳಲ್ಲಿ ಮುಂದುವರಿದು, 2025ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಒಂದು ಸುತ್ತು ಕಂಡಿತು.

ಈ ಅಂಕಣದ ಕಾಳಜಿ ಅದಲ್ಲ. ಒಪ್ಪಂದ ಕೆಟ್ಟದ್ದಾಗಿತ್ತು, ಸರಿ. ಆದರೆ ಒಪ್ಪಂದದ ಜೊತೆಗೆ ಉದ್ದೇಶವನ್ನೂ ಹೂತುಹಾಕಿದ್ದರಲ್ಲಿ ವಿವೇಕವಿತ್ತೆ? 2015ರ ಆಗಸ್ಟ್ 27ರಂದು ಜಿಸ್ಯಾಟ್-6 ಕಕ್ಷೆಗೆ ಹೋಯಿತು. ಕೊಡೆಯಂತೆ ಬಿಚ್ಚಿಕೊಳ್ಳುವ 6 ಮೀಟರ್ ವ್ಯಾಸದ ಆಂಟೆನಾ ಅದರ ವಿಶೇಷ. ಮೇಲೆ ಅಷ್ಟು ದೊಡ್ಡ ಆಂಟೆನಾ ಇದ್ದರೆ ಕೆಳಗೆ ವಾಹನದಲ್ಲೋ ಕೈಯಲ್ಲೋ ಚಿಕ್ಕ ಆಂಟೆನಾ ಸಾಕೆಂಬುದೇ ಅದರ ತರ್ಕ. ಐದು ಕಿರಣಗಳಲ್ಲಿ ಅದು ಇಡೀ ದೇಶವನ್ನು ಆವರಿಸುತ್ತದೆ. ಅದರ ಸಾಮರ್ಥ್ಯದ ಬಹುಭಾಗ ರಕ್ಷಣಾ ಪಡೆಗಳಂಥ ಆಯಕಟ್ಟಿನ ಬಳಕೆದಾರರಿಗೆ ಸಂದಿತು. ಜೊತೆಗಾರನಾಗಬೇಕಿದ್ದ ಜಿಸ್ಯಾಟ್-6ಎ 2018ರ ಮಾರ್ಚ್ 29ರಂದು ಹಾರಿತು. ಎರಡನೆಯ ಬಾರಿ ಕಕ್ಷೆ ಎತ್ತರಿಸಿದ ಬೆನ್ನಿಗೇ ಅದರೊಡನೆ ಸಂಪರ್ಕ ಕಡಿಯಿತು. ಸಂಪರ್ಕಕ್ಕಾಗಿಯೇ ಹುಟ್ಟಿದ ಉಪಗ್ರಹಕ್ಕೆ ಸಂಪರ್ಕವಿಲ್ಲದೆ ಹೋದದ್ದು ವಿಧಿಯ ಅಣಕವೆನ್ನದೆ ವಿಧಿಯಿಲ್ಲ. ಅಲ್ಲಿಗೆ, ನಾಗರಿಕ ವಾಹನಗಳ ಪಾಲಿಗೆ ಎಸ್-ಬ್ಯಾಂಡ್ ಎಂಬುದು ನ್ಯಾಯಾಲಯದ ವರದಿಗಳಲ್ಲಷ್ಟೇ ಕಾಣುವ ಪದವಾಗಿ ಉಳಿಯಿತು.

ರೈಲಿಗುಂಟು, ದೋಣಿಗುಂಟು

ಹಾಗೆಂದು ನಮ್ಮ ಎಂಜಿನಿಯರುಗಳಿಗೆ ಇದು ಮಾಡಲು ಬಾರದ ಕೆಲಸವೆ? ಅಲ್ಲವೆಂಬುದಕ್ಕೆ ರೈಲ್ವೆಯೇ ಸಾಕ್ಷಿ. ಇಸ್ರೊ ಸಹಯೋಗದಲ್ಲಿ ರೂಪುಗೊಂಡ ನೈಜ ವೇಳೆಯ ರೈಲು ಮಾಹಿತಿ ವ್ಯವಸ್ಥೆಯಲ್ಲಿ ರೈಲು ಎಂಜಿನ್ನಿಗೆ ಅಳವಡಿಸಿದ ಸಾಧನ ತನ್ನ ಸ್ಥಳ ಹಾಗೂ ವೇಗವನ್ನು 30 ಸೆಕೆಂಡಿಗೊಮ್ಮೆ ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆ. ಮೊದಲ ಹಂತದಲ್ಲಿ 21 ವಿದ್ಯುತ್ ಎಂಜಿನ್ ಶೆಡ್ಡುಗಳ 2,700 ಎಂಜಿನ್ನುಗಳಿಗೆ ಅದು ಬಂದಿತು. ಎರಡನೆಯ ಹಂತಕ್ಕೆ ಇನ್ನೂ 6,000 ಎಂಜಿನ್ನುಗಳನ್ನು ಗೊತ್ತುಪಡಿಸಲಾಯಿತು. ಮೊಬೈಲ್ ಜಾಲವೂ ಇಸ್ರೊದ ಎಸ್-ಬ್ಯಾಂಡ್ ಸಂಚಾರಿ ಉಪಗ್ರಹ ಸೇವೆಯೂ ಅದರಲ್ಲಿ ಜೊತೆಗೂಡಿವೆ. ಒಂದು ಕೈಕೊಟ್ಟರೆ ಇನ್ನೊಂದು. ನಿಮ್ಮ ಫೋನಿನಲ್ಲಿ ರೈಲು ಎಲ್ಲಿದೆ ಎಂದು ನೋಡುವಾಗ ಆ ಮಾಹಿತಿ ಎಷ್ಟೋ ಬಾರಿ ಆಕಾಶ ಸುತ್ತಿ ಬಂದಿರುತ್ತದೆ. ಘಟ್ಟದ ಒಂದೇ ಕಣಿವೆಯಲ್ಲಿ ಹಳಿಯ ಮೇಲಿನ ಎಂಜಿನ್ನಿಗೆ ಇರಬಹುದಾದ ಅನುಕೂಲ ಪಕ್ಕದ ರಸ್ತೆಯ ಬಸ್ಸಿಗೆ ಇಲ್ಲ.

ಕಡಲಿಗೂ ಅದು ಬಂದಿದೆ, ಬಹಳ ನೋವಿನ ನಂತರ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಡನೆ ಕಣ್ಮರೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ಐದು ತಿಂಗಳ ಕಾಯುವಿಕೆ ಕರಾವಳಿಯ ನೆನಪಿನಿಂದ ಅಳಿದಿಲ್ಲ. 2024ರ ಆಗಸ್ಟ್ 30ರಂದು ಪ್ರಧಾನಿ ಉದ್ಘಾಟಿಸಿದ 364 ಕೋಟಿ ರೂಪಾಯಿಗಳ ಯೋಜನೆಯಡಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೊ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್ ಒದಗಿಸುವುದೆಂದು ನಿಗದಿಯಾಯಿತು. ಅದು ದ್ವಿಮುಖ ಸಾಧನ: ಮೀನುಗಾರ ಅಪಾಯದ ಮೊರೆಯನ್ನೂ ಕಳುಹಿಸಬಹುದು, ಹವಾಮಾನದ ಎಚ್ಚರಿಕೆಯನ್ನೂ ಪಡೆಯಬಹುದು. ಭಾಗಿಸಿದರೆ ತಲಾ ದೋಣಿಗೆ 36,400 ರೂಪಾಯಿ. ಇದು ಯೋಜನೆಯ ಒಟ್ಟು ವೆಚ್ಚದ ಸರಾಸರಿಯೇ ಹೊರತು ಪೆಟ್ಟಿಗೆಯೊಂದರ ಬೆಲೆಯಲ್ಲ ಎಂಬುದನ್ನು ನೆನಪಿಡಬೇಕು. ಹಾಗಿದ್ದರೂ, ಐವತ್ತು ಲಕ್ಷಕ್ಕೂ ಮಿಗಿಲಾದ ಬೆಲೆಯ ಐಷಾರಾಮಿ ಬಸ್ಸಿಗೆ ಹೊರಲಾಗದ ಮೊತ್ತ ಇದೆಂದು ಯಾರೂ ವಾದಿಸಲಾರರು.

ಇನ್ನೊಂದು ಸಂಗತಿ ಬೆಂಗಳೂರಿಗೇ ಸೇರಿದ್ದು. ಅಂತರರಾಷ್ಟ್ರೀಯ ಕೋಸ್ಪಾಸ್-ಸಾರ್ಸಾಟ್ ವ್ಯವಸ್ಥೆಯಡಿ ಹಡಗು ಅಥವಾ ವಿಮಾನ ಅಪಾಯಕ್ಕೆ ಸಿಲುಕಿದರೆ ಅದರ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಹೊರಡಿಸುವ ಕೂಗನ್ನು ಉಪಗ್ರಹಗಳು ಆಲಿಸುತ್ತವೆ. ಭಾರತದ ಪಾಲಿನ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಇಸ್ಟ್ರಾಕ್‌ನಲ್ಲಿ. ಹಿಂದೂ ಮಹಾಸಾಗರದ ನಡುವೆ ಮುಳುಗುತ್ತಿರುವ ಹಡಗಿನ ಮೊರೆ ಈ ನಗರಕ್ಕೆ ಕೇಳಿಸುತ್ತದೆ. ಇಲ್ಲಿಂದ ನಾಲ್ಕೈದು ತಾಸಿನ ಹಾದಿಯಲ್ಲಿರುವ ಘಾಟಿಯಲ್ಲಿ ಉರುಳಿದ ಬಸ್ಸಿನದು ಕೇಳಿಸದು.

ಯುರೋಪಿನವರು ನಮಗಿಂತ ಮುಂದಿದ್ದಾರೆಂದು ಭಾವಿಸಬೇಕಾಗಿಲ್ಲ. 2018ರ ಮಾರ್ಚ್ 31ರಿಂದ ಅಲ್ಲಿನ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದ ಇ-ಕಾಲ್ ವ್ಯವಸ್ಥೆ ಕೂಡ ಸ್ಥಳವನ್ನು ಉಪಗ್ರಹದಿಂದ ತಿಳಿದು, ಮೊರೆಯನ್ನು ಮೊಬೈಲ್ ಜಾಲದ ಮೂಲಕವೇ ಕಳುಹಿಸುವಂತೆ ರೂಪಿತವಾಯಿತು. ಆದರೆ ಅಲ್ಲಿನ ರಸ್ತೆಗಳಲ್ಲಿ ಜಾಲವಿಲ್ಲದ ತಾಣಗಳು ವಿರಳ. ಅವರಿಗೆ ಹೊಂದಿದ ಅಂಗಿಯನ್ನು ನಾವು ಅಳತೆ ನೋಡದೆ ತೊಟ್ಟಂತಾಗಿದೆ.

ಬ್ರಾಡ್‌ಬ್ಯಾಂಡ್ ಅಬ್ಬರದ ನಡುವೆ

ಈಗ ಉಪಗ್ರಹ ಸಂಪರ್ಕ ಮತ್ತೆ ಸುದ್ದಿಯಲ್ಲಿದೆ. 2023ರ ದೂರಸಂಪರ್ಕ ಕಾಯ್ದೆ ಉಪಗ್ರಹ ಸೇವೆಯ ತರಂಗಾಂತರವನ್ನು ಹರಾಜಿಲ್ಲದೆ ಆಡಳಿತಾತ್ಮಕವಾಗಿ ಹಂಚಲು ದಾರಿ ಮಾಡಿತು. ಅದಕ್ಕೆ ವಾರ್ಷಿಕ ಆದಾಯದ ಶೇ 4ರಷ್ಟು ಶುಲ್ಕ ವಿಧಿಸಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2025ರ ಮೇ 9ರಂದು ಶಿಫಾರಸು ಮಾಡಿತು. ಅದೇ ವರ್ಷದ ಜೂನಿನಲ್ಲಿ ಸ್ಟಾರ್‌ಲಿಂಕ್‌ಗೆ ಪರವಾನಗಿ ದೊರೆಯಿತು. ಯೂಟೆಲ್‌ಸ್ಯಾಟ್ ಒನ್‌ವೆಬ್ ಹಾಗೂ ಜಿಯೊ ಅದಕ್ಕೂ ಮೊದಲೇ ಪಡೆದಿದ್ದವು. ಚರ್ಚೆಯೆಲ್ಲ ಮನೆಗೆ ಬರುವ ಅಂತರಜಾಲದ ವೇಗ ಎಷ್ಟು, ತಿಂಗಳ ಬಾಡಿಗೆ ಎಷ್ಟು, ದೇಶೀ ಕಂಪೆನಿಗಳಿಗೆ ಪೆಟ್ಟು ಬೀಳುವುದೆ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಚಲಿಸುವ ವಾಹನಗಳ ಮೇಲೆ ಸ್ಟಾರ್‌ಲಿಂಕ್ ತಟ್ಟೆ ಕೂರಿಸಲು ಅಮೆರಿಕ 2022ರ ಜೂನಿನಲ್ಲೇ ಅನುಮತಿಸಿತ್ತು. ಆದರೆ ಪಡಸಾಲೆಯ ಚಲನಚಿತ್ರಕ್ಕೆ ತಕ್ಕ ವೇಗ, ಅದಕ್ಕೆ ತಕ್ಕ ಬೆಲೆ ಲಾರಿಗೆ ಏಕೆ ಬೇಕು?

ಲೆಕ್ಕ ಹಾಕಿ ನೋಡೋಣ. ವಾಹನದ ಗುರುತು, ಸ್ಥಳ, ವೇಳೆ, ತುರ್ತು ಸ್ಥಿತಿ ಇಷ್ಟನ್ನು 50 ಬೈಟ್‌ಗಳಲ್ಲಿ ಅಡಕಗೊಳಿಸಬಹುದು. ಹದಿನೈದು ನಿಮಿಷಕ್ಕೊಮ್ಮೆ ಕಳುಹಿಸಿದರೂ ದಿನಕ್ಕೆ 4,800 ಬೈಟ್. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದೂ ಮೊಬೈಲ್ ಜಾಲ ಸಿಗದ ಕಡೆಯಷ್ಟೇ ಉಪಗ್ರಹಕ್ಕೆ ಮೊರೆಹೋಗುವುದಾದರೆ ಹೊರೆ ಇನ್ನೂ ಹಗುರ. ಈಗ ಕಡ್ಡಾಯವಾಗಿರುವ ಪೆಟ್ಟಿಗೆಯನ್ನು ಕಿತ್ತೆಸೆಯಬೇಕಿಲ್ಲ. ಟವರ್ ಕೈಕೊಟ್ಟಾಗ ಬಳಸಲು ಅದಕ್ಕೊಂದು ಉಪಗ್ರಹ ಸಂದೇಶದ ಕವಲು ಜೋಡಿಸಬೇಕು, ಅದೂ ಎಲ್ಲ ವಾಹನಗಳಿಗಲ್ಲ. ನಗರದೊಳಗೆ ಓಡುವ ಟ್ಯಾಕ್ಸಿಗೆ ಇದರ ಅಗತ್ಯವಿಲ್ಲ. ಘಾಟಿ ಮಾರ್ಗದ ಪರವಾನಗಿ ಇರುವ ಬಸ್ಸು, ಅಪಾಯಕಾರಿ ರಾಸಾಯನಿಕ ಹಾಗೂ ಅನಿಲ ಸಾಗಿಸುವ ಟ್ಯಾಂಕರ್, ಆಂಬುಲೆನ್ಸ್ ಇವುಗಳಿಂದ ಆರಂಭಿಸಬಹುದು.

ಸಾಮಾನ್ಯ ಫೋನಿಗೇ ಉಪಗ್ರಹ ಸಂಪರ್ಕ ಬರಲಿರುವಾಗ ವಾಹನಕ್ಕೆ ಬೇರೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವೇ. ಐಫೋನ್ 2022ರ ನವೆಂಬರಿನಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಆರಂಭಿಸಿತು. ಬಿಎಸ್‌ಎನ್‌ಎಲ್ ಮತ್ತು ವಿಯಾಸ್ಯಾಟ್ 2024ರಲ್ಲಿ ಇಂಥದೇ ಪ್ರಯೋಗವನ್ನು ಭಾರತದಲ್ಲಿ ತೋರಿಸಿದವು. ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪೆನಿಯ, ಸಾಮಾನ್ಯ ಫೋನಿನೊಡನೆ ನೇರವಾಗಿ ಮಾತನಾಡಬಲ್ಲ ದೈತ್ಯ ಉಪಗ್ರಹವನ್ನು 2025ರ ಡಿಸೆಂಬರ್ 24ರಂದು ಶ್ರೀಹರಿಕೋಟಾದಿಂದ ಹಾರಿಸಿದ್ದು ನಮ್ಮದೇ ಎಲ್‌ವಿಎಂ3 ರಾಕೆಟ್. ಆದರೆ ಬಸ್ಸು ಮಗುಚಿದಾಗ ಫೋನು ಯಾವ ಸೀಟಿನಡಿ ಸೇರಿರುತ್ತದೆಯೊ, ಹಿಡಿಯುವ ಕೈಗೆ ಶಕ್ತಿ ಇರುತ್ತದೆಯೊ ಯಾರು ಬಲ್ಲರು. ಫೋನಿನಿಂದ ಉಪಗ್ರಹಕ್ಕೆ ಸಂದೇಶ ಹೋಗಬೇಕಾದರೆ ಬಯಲಿಗೆ ಬಂದು ನಿಲ್ಲಬೇಕು. ವಾಹನಕ್ಕೆ ಕೂರಿಸಿದ ಯಂತ್ರಕ್ಕೆ ಆ ಕಷ್ಟವಿಲ್ಲ. ಸರಿಯಾದ ಜಾಗದಲ್ಲಿ ಕೂರಿಸಿದರೆ ಮಗುಚಿದ ಬಸ್ಸಿನಿಂದಲೂ ಅದು ಕೂಗುತ್ತಿರಬಲ್ಲದು.

ನಿಜವಾದ ಅಡ್ಡಿಗಳು ಬೇರೆ ಇವೆ. ಮೊದಲನೆಯದು ಭದ್ರತೆಯ ಭೀತಿ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಉಪಗ್ರಹ ಫೋನ್ ಬಳಸಿದ್ದರಿಂದ ಈ ಕ್ಷೇತ್ರದ ಮೇಲೆ ಸರಕಾರದ ಕಣ್ಣು ಸಹಜವಾಗಿಯೇ ಕೆಂಪಾಗಿದೆ. ಥುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿಯಿಲ್ಲದೆ ತಂದ ವಿದೇಶೀ ಪ್ರವಾಸಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಂಧಿತರಾಗಿದ್ದಾರೆ. ಘಟ್ಟದ ಕಾಡಿನಲ್ಲಿ ಉಪಗ್ರಹ ಫೋನ್ ರಿಂಗಣಿಸಿತೆಂಬ ವರದಿಗಳು ಕರಾವಳಿಯ ಪತ್ರಿಕೆಗಳಲ್ಲಿ ಪದೇ ಪದೇ ಬಂದಿವೆ. ಘಟ್ಟ ಮತ್ತು ಉಪಗ್ರಹ ಒಟ್ಟಿಗೆ ಸುದ್ದಿಯಾಗುವುದು ಆಗಷ್ಟೇ! ಆದರೆ ವಾಹನಕ್ಕೆ ಬಿಗಿದ, ನೋಂದಾಯಿತ, ನಿಗದಿತ ವಿಳಾಸಕ್ಕಷ್ಟೇ ಸಂದೇಶ ಕಳುಹಿಸಬಲ್ಲ ಸಾಧನದಿಂದ ಅಂಥ ಅಪಾಯವಿಲ್ಲ. ಮೇಲಾಗಿ ಬಿಎಸ್‌ಎನ್‌ಎಲ್ 2017ರಿಂದ ಗಾಜಿಯಾಬಾದಿನ ಕೇಂದ್ರದ ಮೂಲಕ ಇನ್‌ಮಾರ್ಸ್ಯಾಟ್ ಫೋನ್ ಸೇವೆ ಆರಂಭಿಸಿದಾಗಲೇ, ದೇಶದೊಳಗಿನ ಕೇಂದ್ರದ ಮೂಲಕ ಹಾಯುವ ಸಂಪರ್ಕವನ್ನು ನಿಗಾದಲ್ಲಿಡಲು ಸಾಧ್ಯವೆಂಬುದನ್ನು ಸರಕಾರ ಒಪ್ಪಿದಂತಾಗಿದೆ.

ಎರಡನೆಯದು ಚಾಲಕನ ಆತಂಕ. ಸದಾ ಸ್ಥಳ ತಿಳಿಸುವ ಯಂತ್ರ ಅಪಾಯದಲ್ಲಿ ಸಹಾಯಕ, ಉಳಿದ ವೇಳೆಯಲ್ಲಿ ಮಾಲೀಕನ ಗೂಢಚಾರ. ಊಟಕ್ಕೆಂದೊ ಕಣ್ಣು ಮುಚ್ಚಲೆಂದೊ ನಿಂತ ಲಾರಿಯ ಚಾಲಕನಿಗೆ ತಕ್ಷಣ ಕರೆ ಬರುವುದಾದರೆ ಈ ಸುರಕ್ಷತಾ ಸಾಧನವೇ ಅವನ ನಿದ್ದೆಗೆಡಿಸಿ ಅಪಘಾತಕ್ಕೆ ಕಾರಣವಾದೀತು. ಮಾಹಿತಿ ಯಾರ ಕೈಸೇರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ನಿಯಮವೇ ಹೇಳಬೇಕಾಗುತ್ತದೆ. ಸದ್ಯದ ನಿಯಮ ಈ ಬಗ್ಗೆ ಜಿಪುಣತನ ತೋರಿದೆ.

ಮೂರನೆಯದು ಹೆಚ್ಚು ಲೌಕಿಕವಾದದ್ದು. ಮೊರೆ ಬಂದಾಗ ಕೇಳುವವರು ಯಾರು? ತುರ್ತು ಗುಂಡಿ ಒತ್ತಿದರೆ ಅತ್ತ ಕಡೆ ಯಾರೂ ಸ್ಪಂದಿಸರೆಂಬ ವಾಹನ ಮಾಲೀಕರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ನಿಯಂತ್ರಣ ಕೊಠಡಿಯಲ್ಲಿ ದಿನದ 24 ಗಂಟೆಯೂ ಜನರಿಲ್ಲದೆ, ಹತ್ತಿರದ ಠಾಣೆ ಮತ್ತು ಆಂಬುಲೆನ್ಸಿಗೆ ಅದು ಜೋಡಣೆಯಾಗದೆ ಉಪಗ್ರಹದ ಕವಲು ಸೇರಿಸುವುದೆಂದರೆ, ಮಾಲೀಕರ ಮೇಲೆ ಇನ್ನೊಂದು ಖರ್ಚು ಹೇರಿದಂತಷ್ಟೇ. ಈ ಭಾಗವನ್ನು ಇಸ್ರೊ ಮಾಡಿಕೊಡಲಾರದು. ಅದು ರಾಜ್ಯ ಸರಕಾರದ ಕೆಲಸ.

ಇದಕ್ಕೆಲ್ಲ ಗಡುವು ಹಾಕುವ ಸಂಗತಿಯೊಂದು ಮೇಲೆಯೇ ಇದೆ. ಜಿಸ್ಯಾಟ್-6ರ ವಿನ್ಯಾಸಿತ ಆಯುಷ್ಯ 9 ವರ್ಷ. ಅದು 2024ರ ಆಗಸ್ಟಿಗೆ ಭರ್ತಿಯಾಯಿತು. ಇಂಧನ ಮಿಕ್ಕಿದ್ದರೆ ಉಪಗ್ರಹಗಳು ಆಯುಷ್ಯ ಮೀರಿ ದುಡಿಯುವುದುಂಟು, ಆದರೆ ಎಸ್-ಬ್ಯಾಂಡಿಗೆ ಉತ್ತರಾಧಿಕಾರಿ ಬೇಕೇಬೇಕು. ರಕ್ಷಣಾ ಪಡೆಗಳು ತಮ್ಮ ಪಾಲು ಕೇಳುತ್ತವೆ, ರೈಲ್ವೆ ಕೇಳುತ್ತದೆ, ಮೀನುಗಾರಿಕೆ ಇಲಾಖೆಯೂ ಕೇಳಬಹುದು. ಕಿರಣಗಳ ಸಂಖ್ಯೆ, ಸಂದೇಶಗಳ ಪ್ರಮಾಣ, ಕೆಳಗಿನ ಸಾಧನದ ಗಾತ್ರ ಇವೆಲ್ಲ ನಿರ್ಧಾರವಾಗುವುದು ಉಪಗ್ರಹ ಇನ್ನೂ ಕಾಗದದ ಮೇಲಿರುವಾಗ. ಹಾರಿದ ಮೇಲೆ ಬದಲಿಸಲಾಗದು. ರಸ್ತೆ ಸಾರಿಗೆ ಸಚಿವಾಲಯವಾಗಲೀ, ಘಟ್ಟದ ಉದ್ದಕ್ಕೂ ಬಸ್ಸು ಓಡಿಸುವ ರಾಜ್ಯಗಳಾಗಲೀ ತಮ್ಮ ಬೇಡಿಕೆಯನ್ನು ಬಾಹ್ಯಾಕಾಶ ಇಲಾಖೆಯ ಮುಂದೆ ಇಡಬೇಕಾದದ್ದು ಆ ಹೊತ್ತಿನಲ್ಲಿ. ಇಲಾಖೆಯ ಕೇಂದ್ರ ಕಚೇರಿ ಇರುವುದು ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲಿ.